ಬುದ್ಧಿ ಹೇಳದಿರುವ ವಿದ್ಯೆ

ಮೂರು ಕುರ್ಚಿಗಳು. ಒಂದರಲ್ಲಿ ಆಪ್ತಸಮಾಲೋಚನೆ ಕಲಿಯಲು ಬಂದ ಹೆಣ್ಣುಮಗಳು, ಎದುರಿಗೆ ಕಷ್ಟ ಹೇಳಿಕೊಳ್ಳುವವನ ಪಾತ್ರದಲ್ಲಿ ಸಹಪಾಠಿ, ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಮೂರನೆಯವರು. ‘ಮೂರು ತಿಂಗಳಾಯ್ತು ಮೇಡಂ, ರಾತ್ರಿ ನಿದ್ದೆ ಬರ್ತಿಲ್ಲ. ಕೆಲಸಕ್ಕೆ ಹೋಗೋಕೇ ಬೇಜಾರು...’ ಅಂತ ಅವನು ಶುರುಮಾಡುತ್ತಾನೆ. ಮಾತು ಮುಗಿಯಲೂ ಬಿಡದೆ ಆಕೆ, ‘ಮಲಗೋ ಮುಂಚೆ ಮೊಬೈಲ್ ನೋಡ್ಬೇಡಿ. ಬೆಳಿಗ್ಗೆ ಎದ್ದು ವಾಕಿಂಗ್ ಮಾಡಿ. ಎಲ್ಲಾ ಸರಿಹೋಗುತ್ತೆ’ ಅನ್ನುತ್ತಾಳೆ. ಮೂರನೆಯವರ ನೋಟ್‌ಬುಕ್ಕಿನಲ್ಲಿ ಲೆಕ್ಕ ಬೀಳುತ್ತದೆ: ಸಲಹೆ ಎರಡು, ಸಮಾಧಾನ ಒಂದು, ಪ್ರಶ್ನೆ ಸೊನ್ನೆ.

ತರಬೇತಿ ಎಲ್ಲೇ ನಡೆಯಲಿ, ಮೊದಮೊದಲ ದಿನಗಳ ನೋಟ ಹೆಚ್ಚುಕಡಿಮೆ ಇದೇ. ಈ ವಿದ್ಯೆ ಕಲಿಯಲು ಬರುವವರಲ್ಲಿ ಹೆಚ್ಚಿನವರು ‘ನಾಲ್ಕು ಜನ ನನ್ನ ಹತ್ತಿರ ಬಂದು ಕಷ್ಟ ಹೇಳ್ಕೋತಾರೆ, ನಾನು ಚೆನ್ನಾಗಿ ಬುದ್ಧಿ ಹೇಳ್ತೀನಿ’ ಎಂಬ ನಂಬಿಕೆಯಿಂದಲೇ ಬರುತ್ತಾರೆ. ಅವರು ಮೊದಲು ಬಿಡಬೇಕಾದದ್ದು ಆ ಬುದ್ಧಿ ಹೇಳುವ ಚಟವನ್ನೇ.

ನಮ್ಮ ಭಾಷೆಯೂ ಅವರ ದಾರಿ ತಪ್ಪಿಸುತ್ತದೆ. ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ ಮೊದಲು ನಿಂತ ಹೆಸರು ‘ಆಪ್ತಸಲಹೆ’. ಹೆಸರಿನಲ್ಲೇ ಸಲಹೆ ಇದ್ದ ಮೇಲೆ ಬಂದವರು ಅದನ್ನು ಕೇಳದೆ ಹೋದಾರೆಯೇ? ಈಚೆಗೆ ಬಳಕೆಗೆ ಬಂದ ‘ಆಪ್ತಸಮಾಲೋಚನೆ’ ಹೆಚ್ಚು ಹೊಂದುವ ಮಾತು. ಇಬ್ಬರೂ ಕೂತು ಕೂಡಿ ಯೋಚಿಸುವುದು ಎಂಬ ಅರ್ಥ ಅದರೊಳಗಿದೆ.

ಹೀಗೆ ಕೂಡಿ ಯೋಚಿಸುವುದಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಪ್ರಮುಖರು. ಅವರಿಗಿಂತ ಮೊದಲೇ ವಿಯೆನ್ನಾದಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಪುಸ್ತಕ, ಮಾತಿನಿಂದಲೇ ರೋಗಿಗೆ ಹಗುರವಾಗುತ್ತದೆ ಎಂದು ತೋರಿಸಿತ್ತು. ಆದರೆ ಅಲ್ಲಿ ಅರ್ಥ ಹೇಳುವ ಅಧಿಕಾರ ವೈದ್ಯರದೇ ಆಗಿತ್ತು. ರೋಜರ್ಸ್ ಮಾಡಿದ ಹೊಸ ಕೆಲಸವೆಂದರೆ ಸಮಾಲೋಚನೆಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ರೆಕಾರ್ಡ್ ಮಾಡಿಸಿ ಕೇಳಿದ್ದು. 1942ರ ಅವರ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯ ಜೊತೆ ನಡೆದ ಎಂಟು ಭೇಟಿಗಳ ಮಾತುಕತೆ ಪೂರ್ತಿ ಅಚ್ಚಾಗಿದೆ. ಅದೇ ಪುಸ್ತಕದಲ್ಲಿ ಒಂದು ಲೆಕ್ಕವೂ ಇದೆ. ದಾರಿ ತೋರಿಸುತ್ತಾ ಹೋಗುವ ಸಮಾಲೋಚಕರು, ಹಾಗೆ ಮಾಡದವರಿಗಿಂತ ಸುಮಾರು 6 ಪಟ್ಟು ಹೆಚ್ಚು ಮಾತಾಡುತ್ತಿದ್ದರು. ಕಷ್ಟ ಹೇಳಿಕೊಳ್ಳಲು ಬಂದವರು ಸುಮ್ಮನೆ ಕೂತು ಕೇಳುತ್ತಿದ್ದರು!

1957ರಲ್ಲಿ ಬರೆದ ಪ್ರಬಂಧದಲ್ಲಿ ರೋಜರ್ಸ್ ಮನಸ್ಸು ಬದಲಾಗಲು ಬೇಕಾದ ಷರತ್ತುಗಳನ್ನು ಹೇಳಿದರು. ಅವುಗಳಲ್ಲಿ ಸಮಾಲೋಚಕರಿಗೆ ಸೇರಿದ ಮೂರು ಇಂದಿಗೂ ಈ ವಿದ್ಯೆಯ ಅ ಆ ಇ. ಒಂದು, ಎದುರಿಗಿರುವವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡುವ ಪರಾನುಭೂತಿ. ಎರಡು, ಅವರು ಏನೇ ಮಾಡಿರಲಿ, ತೂಕ ಹಾಕದೆ ಗೌರವಿಸುವುದು. ಮೂರು, ಮುಖವಾಡವಿಲ್ಲದೆ ತಾನು ತಾನಾಗಿಯೇ ಇರುವುದು. ಮುಂದೆ ಆಲ್ಬರ್ಟ್ ಎಲ್ಲಿಸ್, ಆರನ್ ಬೆಕ್ ಅವರ ದಾರಿಗಳು ಸೇರಿಕೊಂಡವು. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬಂಥ ಯೋಚನೆಗಳನ್ನು ಹಿಡಿದು ನಿಲ್ಲಿಸಿ, ಅವು ನಿಜವೇ ಎಂದು ಒರೆಗೆ ಹಚ್ಚುವ ಚಿಕಿತ್ಸೆ ಅವರದು. ಪಂಥ ಯಾವುದಾದರೂ ಕೇಳುವ ಕಿವಿ ಇಲ್ಲದೆ ಕೆಲಸ ನಡೆಯುವುದಿಲ್ಲ.

ಕೇಳುವುದೆಂದರೆ ಸುಮ್ಮನಿರುವುದಷ್ಟೇ ಅಲ್ಲ. ಅಜ್ಜಿ ಕತೆ ಹೇಳುವಾಗ ಮಕ್ಕಳು ಹ್ಞೂಂಗುಟ್ಟದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಆ ಹ್ಞೂಂಗುಟ್ಟುವಿಕೆ ಇಲ್ಲಿ ಮೊದಲ ಪಾಠ. ಎರಡನೆಯದು, ಕೇಳಿದ್ದನ್ನು ಅವರಿಗೇ ತಿರುಗಿಸಿ ಹೇಳಿ, ಸರಿಯಾಗಿ ಅರ್ಥವಾಯಿತೇ ಎಂದು ನೋಡಿಕೊಳ್ಳುವುದು. ಕನ್ನಡದಲ್ಲಿ ಇದು ಸುಲಭವಲ್ಲ. ‘ಬೇಜಾರು’ ಎಂಬ ಒಂದೇ ಮಾತನ್ನು ನಾವು ದುಃಖಕ್ಕೂ, ಅವಮಾನಕ್ಕೂ, ಏಕತಾನತೆಗೂ, ಮುನಿಸಿಗೂ ಬಳಸುತ್ತೇವೆ. ಯಾವ ಬೇಜಾರು ಎಂದು ತಿಳಿಯದೆ ಮುಂದೆ ಹೋದರೆ ದಾರಿಯೇ ಬೇರೆಯಾಗುತ್ತದೆ. ಇನ್ನು ಕೆಲವರು ಮನಸ್ಸಿನ ಹೆಸರನ್ನೇ ಎತ್ತುವುದಿಲ್ಲ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲೇ ಬರ್ತಿಲ್ಲ ಎನ್ನುತ್ತಾರೆ. ಅವರು ಮನಸ್ಸಿನ ಮಾತನ್ನು ಮೈಯ ಮಾತಿನಲ್ಲಿ ಹೇಳುತ್ತಿರಬಹುದು. ಹಾಗಂತ ಎದೆನೋವನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆದುಬಿಡಬಾರದು. ಮೊದಲು ಡಾಕ್ಟರಿಗೆ ತೋರಿಸಿದ್ದಾರೆಯೇ ಎಂದು ವಿಚಾರಿಸುವುದೂ ಪಾಠದಲ್ಲಿದೆ.

ಪ್ರಶ್ನೆ ಕೇಳುವುದಕ್ಕೂ ಒಂದು ಹದವಿದೆ. ‘ಯಾಕೆ’ ಎಂಬ ಪದವನ್ನು ಕಲಿಯುವವರು ಆದಷ್ಟು ದೂರವಿಡುತ್ತಾರೆ. ‘ಯಾಕೆ ಹಾಗೆ ಮಾಡಿದ್ರಿ?’ ಎಂದ ಕೂಡಲೇ ಎದುರಿಗಿದ್ದವರು ಹೆಡ್‌ಮಾಸ್ಟರ ಮುಂದೆ ನಿಂತ ಹುಡುಗನಂತೆ ಸಮಜಾಯಿಷಿಗೆ ತೊಡಗುತ್ತಾರೆ. ‘ಆಗ ಏನಾಯ್ತು?’, ‘ನಿಮಗೆ ಹೇಗನ್ನಿಸ್ತು?’ ಎಂದರೆ ಅದೇ ಬಾಗಿಲು ತೆರೆಯುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಗಡಿ. ಎರಡನೇ ಭೇಟಿಗೆ ‘ಮೇಡಂ’ ಹೋಗಿ ‘ಅಕ್ಕ’ ಬರುತ್ತದೆ, ಮೂರನೆಯದಕ್ಕೆ ಹೋಳಿಗೆ ಡಬ್ಬಿ, ಆಮೇಲೆ ತಂಗಿಯ ಮದುವೆಯ ಕರೆಯೋಲೆ. ಇವನ್ನು ಒರಟಾಗಿ ತಳ್ಳಿದರೆ ಮನಸ್ಸು ನೋಯುತ್ತದೆ. ಹಾಗಂತ ಒಪ್ಪಿಕೊಂಡು ನಿಜವಾಗಿ ಅಕ್ಕನಾಗಿಬಿಟ್ಟರೆ ಅಕ್ಕನ ಹಕ್ಕೂ ಜೊತೆಗೇ ಬರುತ್ತದೆ. ಅಕ್ಕ ಗದರಬಹುದು, ಮದುವೆ ಆಗು ಎನ್ನಬಹುದು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಎನ್ನಬಹುದು. ಸಮಾಲೋಚಕಿಗೆ ಆ ಹಕ್ಕಿಲ್ಲ. ನಂಟರಿಷ್ಟರಿಗೆ, ಸ್ನೇಹಿತರಿಗೆ ಸಮಾಲೋಚನೆ ಮಾಡಬಾರದು ಎಂಬ ನಿಯಮದ ಬೇರೂ ಇದೇ.

ಇನ್ನೊಂದು ಗಡಿ ಗುಟ್ಟಿನದು. ಹೊಸ ಸೊಸೆ ಒಳಗೆ ಮಾತಾಡಿ ಹೊರಬಂದರೆ, ಹೊರಗೆ ಕಾಯುತ್ತಿದ್ದ ಅತ್ತೆ ‘ಏನಂದ್ಲು?’ ಎಂದು ಕೇಳುತ್ತಾರೆ. ಉತ್ತರ ಕೊಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮಾನಸಿಕ ಕಾಯಿಲೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೆ ಗುಟ್ಟಿಗೂ ಎಲ್ಲೆಯುಂಟು. ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ಸುಮ್ಮನಿರುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಅದಕ್ಕೇ ಇದನ್ನೆಲ್ಲ ಮೊದಲ ಭೇಟಿಯ ಆರಂಭದಲ್ಲೇ ಬಿಡಿಸಿ ಹೇಳುವುದು ಪದ್ಧತಿ.

ತನ್ನ ಅಳತೆ ತಿಳಿದಿರುವುದೂ ಈ ವಿದ್ಯೆಯ ಭಾಗವೇ. ಕಾಯಿಲೆಗೆ ಔಷಧಿ ಬರೆಯುವವರು ಮನೋವೈದ್ಯರು. ಮನೋಪರೀಕ್ಷೆ, ಆಳವಾದ ಮನೋಚಿಕಿತ್ಸೆಗಳು ಅದಕ್ಕೆಂದೇ ಓದಿದ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಕೆಲಸ. ಯಾರಿಗೂ ಕೇಳದ ದನಿಗಳು ಕೇಳುತ್ತವೆ ಎನ್ನುವವರನ್ನು, ಬದುಕು ಸಾಕು ಎನ್ನುವವರನ್ನು ತಡಮಾಡದೆ ಅಲ್ಲಿಗೆ ತಲುಪಿಸಬೇಕು. 2021ರಲ್ಲಿ ಸಂಸತ್ತು ಒಪ್ಪಿದ ಸಂಯೋಜಿತ ಆರೋಗ್ಯ ವೃತ್ತಿಪರರ ಕಾಯ್ದೆ, ಸಮಾಲೋಚಕರನ್ನೂ ವೃತ್ತಿವರ್ಗಗಳ ಪಟ್ಟಿಗೆ ಸೇರಿಸಿತು. ನಾಲ್ಕು ವಾರಾಂತ್ಯದ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಳ್ಳುವವರ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಹಾಗೆಂದು ತಜ್ಞರಷ್ಟೇ ಸಾಲುವುದಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ 10ಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಬಹುಪಾಲು ಜನಕ್ಕೆ ಚಿಕಿತ್ಸೆ ತಲುಪಿರಲಿಲ್ಲ. ಸಮೀಕ್ಷೆ ನಡೆಸಿದ್ದು ನಮ್ಮ ನಿಮ್ಹಾನ್ಸ್. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳನ್ನು ಕುರಿತು ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ನಿವೃತ್ತಿಯ ನಂತರ ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಉಚಿತವಾಗಿ ಸಮಾಲೋಚನೆ ನಡೆಸುತ್ತಾ, ಸಾಮಾನ್ಯರಿಗೂ ಈ ವಿದ್ಯೆ ಕಲಿಸುತ್ತಾ ಬಂದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಮೊದಲು ಫೋನ್ ಎತ್ತುವವರು ಹೀಗೆ ತರಬೇತಾದ ಸಮಾಲೋಚಕರೇ.

ಕೇಳುವವರ ಭಾರ ಇಳಿಸುವವರು ಯಾರು? ಅದಕ್ಕೇ ಸೂಪರ್‌ವಿಷನ್ ಎಂಬ ಏರ್ಪಾಡು. ಅನುಭವಿಯೊಬ್ಬರ ಮುಂದೆ ಕೂತು, ಬಂದವರ ಗುರುತು ಬಿಟ್ಟುಕೊಡದೆ, ತಾನು ಎಲ್ಲಿ ಎಡವಿದೆ, ಯಾರ ಕತೆ ಕೇಳಿ ತನಗೇ ಕಣ್ಣು ತುಂಬಿತು ಎಂಬುದನ್ನೆಲ್ಲ ಹೇಳಿಕೊಳ್ಳಬೇಕು. ಹಳಬರೂ ಇದನ್ನು ಬಿಡುವುದಿಲ್ಲ.

ಮತ್ತೆ ಆ ಮೂರು ಕುರ್ಚಿ. ಕೆಲವು ವಾರ ಕಳೆದಿವೆ. ಅದೇ ಪಾತ್ರ, ಅದೇ ಮಾತು. ‘ಕೆಲಸಕ್ಕೆ ಹೋಗೋಕೇ ಬೇಜಾರು...’ ಆಕೆ ಬಾಯಿ ತೆರೆದು, ಮುಚ್ಚಿ, ‘ಬೇಜಾರು...’ ಎಂದಷ್ಟೇ ಹೇಳಿ ಕಾಯುತ್ತಾಳೆ. ಫ್ಯಾನಿನ ಸದ್ದು ಕೇಳುವಷ್ಟು ಮೌನ. ಪಾತ್ರದಲ್ಲಿದ್ದ ಹುಡುಗ ಬೆರಳುಗಳನ್ನು ನೋಡಿಕೊಳ್ಳುತ್ತಾ, ‘ಆಫೀಸಲ್ಲಿ ಎಲ್ರ ಮುಂದೆ ಬೈದ್ರು ಮೇಡಂ. ಮನೇಲಿ ಯಾರಿಗೂ ಹೇಳಿಲ್ಲ’ ಎನ್ನುತ್ತಾನೆ. ಮೂರನೆಯವರ ಪೆನ್ನು ಈ ಸಲ ಲೆಕ್ಕ ಬರೆಯುವುದನ್ನು ಮರೆತಿರುತ್ತದೆ.