ಕೇಳೋದು ಹಾಡನ್ನೋ, ಹೆಡ್‌ಫೋನನ್ನೋ?

ಸಂಗೀತದ ಹುಚ್ಚಿನ ಹಿಂದೆಯೇ ಸಾಮಾನು ಕೊಳ್ಳುವ ಹುಚ್ಚೂ ಬರುತ್ತೆ. ಹೆಡ್‌ಫೋನ್ ಆಯ್ತು, ಅದಕ್ಕೊಂದು ಡ್ಯಾಕ್, ಆಮೇಲೆ ಆಂಪ್ಲಿಫೈಯರ್. ಸಂಬಳ ಬಂದ ದಿನ ನನ್ನ ಕೈಯೂ ತುರಿಸುತ್ತೆ; ಮನೆ ಸಾಲದ ಕಂತು ತಡೆಯುತ್ತೆ!

ಆಗ ಎಂಜಿನಿಯರಿಂಗ್‌ನಲ್ಲಿ ಓದಿದ್ದು ನೆನಪಾಗುತ್ತೆ. ನಮ್ಮ ಕಿವಿಗೆ ಕೇಳಿಸೋದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತೆ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದಿಟ್ಟಿರುತ್ತಾರೆ. ಅಷ್ಟನ್ನು ಹಿಡಿಯಲು ಇದು ಸಾಕು. ಪೆಟ್ಟಿಗೆಯ ಮೇಲೆ 192 ಕಿಲೋಹರ್ಟ್ಸ್ ಅಂತ ಬರೆದ ಮಾತ್ರಕ್ಕೆ ಕಿವಿ ಬೆಳೆಯಲ್ಲ.

ವ್ಯತ್ಯಾಸ ಚೆನ್ನಾಗಿ ಗೊತ್ತಾಗೋದು ಸ್ಪೀಕರ್, ಹೆಡ್‌ಫೋನ್ ಮತ್ತು ಕೋಣೆಯಿಂದ. ದಪ್ಪ ಪರದೆ, ಜಮಖಾನ ಇದ್ದರೆ ಪ್ರತಿಧ್ವನಿ ತಗ್ಗುತ್ತೆ. ಸ್ಪೀಕರನ್ನು ಮೂಲೆಯಿಂದ ಈಚೆಗೆ ಸರಿಸಿದರೆ ಗುಂಯ್‌ಗುಡುವ ಬಾಸ್ ಹದಕ್ಕೆ ಬರುತ್ತೆ. ಅದಕ್ಕೇನೂ ಖರ್ಚಿಲ್ಲ.

ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿ ಒಂದು ಬದಿಗೆ ಸುಮಾರು 3 ನಿಮಿಷ, ಜೊತೆಗೆ ಚರಚರ ಸದ್ದು. ಆದರೂ ರಾಗ ಎದೆಗಿಳಿಯುತ್ತಲ್ಲ!

ಹಾಗಾಗಿ ನನ್ನದೊಂದು ನಿಯಮ: ಏನಾದರೂ ಕೊಳ್ಳಬೇಕೆನಿಸಿದರೆ ಮೂರು ತಿಂಗಳು ಕಾಯೋದು. ಅಷ್ಟರಲ್ಲಿ ಒಂದಾದರೂ ಕಚೇರಿಗೆ ಹೋಗಿ ಕೂರೋದು. ಆಮೇಲೂ ಆಸೆ ಉಳಿದಿದ್ದರೆ ಕೊಳ್ಳಲಿಕ್ಕೆ ಅಡ್ಡಿಯಿಲ್ಲ.

ನೀವೂ ಪರೀಕ್ಷಿಸಿ ನೋಡಿ. ಹಾಡು ಮುಗಿದ ಮೇಲೆ ತುಟಿಯ ಮೇಲೆ ರಾಗ ಉಳಿದಿದೆಯಾ, ತಲೆಯಲ್ಲಿ ಬಾಸ್ ಲೆಕ್ಕ ಓಡ್ತಿದೆಯಾ?