ಮರಗಳ ಕೆಳಗಿನ ನೆಲದ ಎತ್ತರ

ಪ್ರಶ್ನೆ: ದಟ್ಟ ಕಾಡಿನೊಳಗಿನ ಏರಿಳಿತ ನಕ್ಷೆಗೆ ಸಿಗುವುದು ಹೇಗೆ?

ಉತ್ತರ: ಕುದುರೆಮುಖದ ಹುಲ್ಲುಗುಡ್ಡಗಳನ್ನು ನೋಡಿ. ಬೋಳು ನೆತ್ತಿಯ ಎತ್ತರ ಅಳೆಯುವುದು ಸುಲಭ, ಕಣಿವೆಯ ಶೋಲಾ ಕಾಡಿನದೇ ಕಷ್ಟ. ವಿಮಾನದಿಂದ ತೆಗೆದ ಜೋಡಿ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಉಬ್ಬುತಗ್ಗು ಎದ್ದು ಕಾಣುತ್ತದೆ. ಆದರೆ ಅಲ್ಲಿ ಕಾಣುವುದು ಮರಗಳ ತುದಿ, ನೆಲವಲ್ಲ. ಹಾಗಾಗಿ ಮರಗಳ ಅಂದಾಜು ಎತ್ತರವನ್ನು ಕಳೆದು, ಸರ್ವೇಯರುಗಳು ಸ್ಥಳದಲ್ಲೇ ಅಳೆದ ಬಿಂದುಗಳೊಂದಿಗೆ ತಾಳೆ ನೋಡಬೇಕಾಗುತ್ತಿತ್ತು. ಈಗ ಲೈಡಾರ್ ಬಂದಿದೆ. ಅದು ಮೇಲಿನಿಂದ ಲೇಸರ್ ಮಿಡಿತಗಳನ್ನು ಮಳೆಯಂತೆ ಸುರಿಸುತ್ತದೆ. ಹೆಚ್ಚಿನವು ಎಲೆಗೆ ತಾಗಿ ಮರಳುತ್ತವೆ, ಕೆಲವು ಸಂದಿಯಲ್ಲಿ ನುಸುಳಿ ನೆಲ ಮುಟ್ಟುತ್ತವೆ. ಕೊನೆಗೆ ಮರಳಿದವುಗಳಲ್ಲಿ ನೆಲದ್ದನ್ನು ಆರಿಸಿದರೆ ಕಾಡು ಸರಿದು ಬೆಟ್ಟದ ಮೈ ಕಾಣುತ್ತದೆ. ನಿಜಕ್ಕೂ ಅದ್ಭುತ ವಿದ್ಯೆ! ನಿತ್ಯಹರಿದ್ವರ್ಣ ಕಾಡಿನಲ್ಲಿ ಮಾತ್ರ ನೆಲ ಮುಟ್ಟುವವು ತೀರ ಕಡಿಮೆ.

1767ರಲ್ಲಿ ಆರಂಭವಾದ ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆ ಹಾಳೆಗಳಲ್ಲಿ ನೆಲದ ಏರಿಳಿತ ತೋರಿಸಲು ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದು ಕಂದು ಗೆರೆ ಇರುತ್ತದೆ. ಗೆರೆಗಳು ಒತ್ತೊತ್ತಾಗಿದ್ದಲ್ಲಿ ಕಡಿದಾದ ಇಳಿಜಾರು. ಮೀಸಲು ಅರಣ್ಯದ ಗಡಿಯನ್ನೂ ಈ ಹಾಳೆಗಳು ತೋರಿಸುತ್ತವೆ, ಆದರೆ ಕಾನೂನಿಗೆ ಆಧಾರ ಸರ್ಕಾರದ ಅಧಿಸೂಚನೆಯೇ. ನಕ್ಷೆಯಲ್ಲಿ ಕಾಲುದಾರಿ ಇದೆಯೆಂದು ರಾಷ್ಟ್ರೀಯ ಉದ್ಯಾನಕ್ಕೆ ನುಗ್ಗಬೇಡಿ, ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.