ಚಹಾ ಅಂಗಡಿಯವರು ಕಟ್ಟಿದ ಗಣಕಯಂತ್ರ

ಚಹಾ ಮಾರುವವರಿಗೂ ಗಣಕಯಂತ್ರಕ್ಕೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ಆದರೆ ಕಚೇರಿಯ ದಿನನಿತ್ಯದ ಲೆಕ್ಕಕ್ಕಾಗಿ ಗಣಕಯಂತ್ರವನ್ನು ಮೊಟ್ಟಮೊದಲು ದುಡಿಸಿದವರು ಬ್ಯಾಂಕಿನವರಲ್ಲ, ವಿಮಾ ಕಂಪನಿಯವರೂ ಅಲ್ಲ; ಲಂಡನ್ನಿನಲ್ಲಿ ಚಹಾ, ಬನ್ನು, ಕೇಕು ಮಾರುತ್ತಿದ್ದ ಜೆ. ಲಯನ್ಸ್ ಎಂಬ ಕಂಪನಿಯವರು. ಅದೂ ಎಲ್ಲಿಂದಲೋ ಕೊಂಡು ತಂದ ಯಂತ್ರವಲ್ಲ, ತಾವೇ ಕಟ್ಟಿಕೊಂಡದ್ದು. ಅದಕ್ಕೆ ಬೇಕಾದ ಆದೇಶಮಾಲೆಯನ್ನು, ಎಂದರೆ ನಾವಿಂದು ಸಾಫ್ಟ್‌ವೇರ್ ಎಂದು ಕರೆಯುವುದನ್ನು, ಬರೆದವರೂ ಅವರ ಕಚೇರಿಯ ಜನರೇ.

ಈ ಹಳೆಯ ಸಂಗತಿಯನ್ನು ಈಗ ತೆಗೆಯಲು ಕಾರಣವುಂಟು. ಇಂದು ಔಷಧದ ಅಂಗಡಿಯಿಂದ ಹಿಡಿದು ನರ್ಸಿಂಗ್ ಹೋಮಿನವರೆಗೆ, ಶಾಲೆಯಿಂದ ಸಹಕಾರ ಸಂಘದವರೆಗೆ, ಸಾಫ್ಟ್‌ವೇರ್ ಇಲ್ಲದೆ ಬಾಗಿಲು ತೆರೆಯುವವರೇ ವಿರಳ. ಹಾಗಿರುವಾಗ ಪ್ರತಿಯೊಬ್ಬ ಯಜಮಾನನೂ ಒಂದಲ್ಲ ಒಂದು ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ಕೆಲಸಕ್ಕೆ ತಕ್ಕ ಸಾಫ್ಟ್‌ವೇರನ್ನು ನಾವೇ ಬರೆಸೋಣವೆ, ಅಥವಾ ಪೇಟೆಯಲ್ಲಿ ಸಿದ್ಧವಾಗಿ ಸಿಗುವುದನ್ನು ಕೊಳ್ಳೋಣವೆ? ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸಿದ ಅಂಗಿಗೂ ಸಿದ್ಧ ಉಡುಪಿಗೂ ಇರುವ ವ್ಯತ್ಯಾಸವೇ ಇದು ಎಂದು ತೋರೀತು. ಆದರೆ ಅಂಗಿಯ ತೋಳು ಉದ್ದವಾದರೆ ಮಡಿಚಿಕೊಳ್ಳಬಹುದು. ಲೆಕ್ಕದ ಪದ್ಧತಿಯನ್ನು ಹಾಗೆ ಮಡಿಚಲಾಗದೆ ಹೋದವರ ಪಾಡೇನಾಯಿತೆಂಬುದನ್ನು ಮುಂದೆ ನೋಡೋಣ.

ಪೆನ್ನಿಯ ಚೂರಿನ ಲಾಭ

ಲಯನ್ಸ್ ಕಂಪನಿಯ ಮೊದಲ ಚಹಾ ಅಂಗಡಿ ಲಂಡನ್ನಿನ ಪಿಕಡಿಲಿಯಲ್ಲಿ 1894ರಲ್ಲಿ ತೆರೆಯಿತು. ಉಚ್ಛ್ರಾಯ ಕಾಲದಲ್ಲಿ ಅಂಥ ಅಂಗಡಿಗಳು 200ಕ್ಕೂ ಹೆಚ್ಚಿದ್ದುವು. ಅಲ್ಲಿ ಚಹಾ ತಂದುಕೊಡುತ್ತಿದ್ದ ಚುರುಕಿನ ಹುಡುಗಿಯರಿಗೆ ‘ನಿಪ್ಪಿ’ಗಳೆಂದೇ ಹೆಸರು. ಹ್ಯಾಮರ್‌ಸ್ಮಿತ್ತಿನ ಕ್ಯಾಡ್ಬಿ ಹಾಲ್‌ನಲ್ಲಿ ಕಂಪನಿಯ ಬೇಕರಿಗಳೂ ಕಚೇರಿಗಳೂ ಇದ್ದುವು. ಬೇಯಿಸಿದ ಪದಾರ್ಥ ಅಲ್ಲಿಂದ ಊರೂರಿಗೆ ಹೋಗಬೇಕು. ಒಂದು ದಿನ ತಡವಾದರೆ ಹಳಸಿತು, ಹೆಚ್ಚು ಕಳಿಸಿದರೆ ಕಸದ ಪಾಲಾಯಿತು. ಒಂದು ಕಪ್ಪು ಚಹಾದಲ್ಲಿ ಕಂಪನಿಗೆ ದಕ್ಕುತ್ತಿದ್ದ ಲಾಭ ಪೆನ್ನಿಯ ಒಂದು ಚೂರು. ಆ ಚೂರುಗಳನ್ನೆಲ್ಲ ಕೂಡಿಸಿ ಲೆಕ್ಕ ಬರೆಯಲು ಗುಮಾಸ್ತರ ದೊಡ್ಡ ದಂಡೇ ಬೇಕಾಗಿತ್ತು. ಗುಮಾಸ್ತರ ಸಂಬಳವೇ ಆ ಚೂರನ್ನು ನುಂಗಿಬಿಟ್ಟರೆ?

ಈ ಚಿಂತೆ ಹತ್ತಿದುದು ಜಾನ್ ಸಿಮನ್ಸ್ ಎಂಬ ಅಧಿಕಾರಿಗೆ. ಕೇಂಬ್ರಿಜ್ಜಿನಲ್ಲಿ ಗಣಿತ ಓದಿ 1923ರಲ್ಲಿ ಕಂಪನಿ ಸೇರಿದವರು. ಕಚೇರಿಯ ಕೆಲಸ ಹೇಗೆ ನಡೆಯುತ್ತದೆ, ಯಾವ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಏಕೆ ಹೋಗುತ್ತದೆ ಎಂಬುದನ್ನು ಪರಿಶೀಲಿಸಲೆಂದೇ 1930ರ ದಶಕದಲ್ಲಿ ಅಲ್ಲೊಂದು ಪ್ರತ್ಯೇಕ ವಿಭಾಗ ಹುಟ್ಟಿತು. ಗಣಕಯಂತ್ರದ ಕನಸೂ ಇಲ್ಲದ ಕಾಲ ಅದು. ಇಡೀ ಕಥೆಯ ಬೀಜ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಟಿ. ಆರ್. ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಎಂಬಿಬ್ಬರನ್ನು ಕಂಪನಿ ಅಮೆರಿಕಕ್ಕೆ ಕಳುಹಿಸಿತು. ಅಲ್ಲಿ ವಿಜ್ಞಾನಿಗಳು ವಿದ್ಯುತ್ತಿನಿಂದ ಲೆಕ್ಕ ಮಾಡುವ ಯಂತ್ರಗಳನ್ನು ಕಟ್ಟುತ್ತಿದ್ದಾರೆಂಬ ಸುದ್ದಿ ಬಂದಿತ್ತು. ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅವರನ್ನು ಕಂಡಾಗ, “ನಿಮ್ಮ ಕೇಂಬ್ರಿಜ್ಜಿನಲ್ಲೇ ಮಾರಿಸ್ ವಿಲ್ಕ್ಸ್ ಇಂಥದೊಂದನ್ನು ಕಟ್ಟುತ್ತಿದ್ದಾರಲ್ಲ!” ಎಂಬ ಅರ್ಥದ ಉತ್ತರ ದೊರಕಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮವರಿಗೆ ಮಾತ್ರ ಹೇಳಿಮಾಡಿಸಿದ್ದಲ್ಲವೆಂದಾಯಿತು.

ಇಬ್ಬರೂ ಹಿಂದಿರುಗಿದರು. ಲಯನ್ಸ್ ಕಂಪನಿ ವಿಲ್ಕ್ಸರ ಕಾರ್ಯಕ್ಕೆ ಧನಸಹಾಯ ಮಾಡಿತು. ತನ್ನವನೊಬ್ಬನನ್ನು ನೆರವಿಗೂ ಕಳುಹಿಸಿತು. ಕೇಂಬ್ರಿಜ್ಜಿನ ಎಡ್‌ಸ್ಯಾಕ್ ಯಂತ್ರ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದರ ಮಾದರಿಯಲ್ಲೇ ಕಚೇರಿಗೆ ಒಗ್ಗುವ ಯಂತ್ರವನ್ನು ಕಟ್ಟಲು ಲಯನ್ಸಿನವರು ಜಾನ್ ಪಿಂಕರ್ಟನ್ ಎಂಬ ತರುಣ ಎಂಜಿನಿಯರರನ್ನು ನೇಮಿಸಿಕೊಂಡರು. ಕೊಳ್ಳೋಣವೆಂದರೆ ಅಂಥ ಯಂತ್ರ ಆಗ ಪೇಟೆಯಲ್ಲಿರಲಿಲ್ಲ. ಹೀಗೆ ಹುಟ್ಟಿತು ‘ಲಿಯೋ’, ಎಂದರೆ ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್.

ಸಾವಿರಾರು ವಾಲ್ವುಗಳು ಕೆಂಪಗೆ ಉರಿಯುತ್ತಿದ್ದ, ಒಂದು ಹಜಾರವನ್ನೇ ತುಂಬಿದ್ದ ಆ ಯಂತ್ರದ ನೆನಪಿನ ಶಕ್ತಿ ಪಾದರಸ ತುಂಬಿದ ಕೊಳವೆಗಳಲ್ಲಿತ್ತು. ಒಟ್ಟು ಸುಮಾರು ಒಂಬತ್ತು ಕಿಲೋಬೈಟು! ನಮ್ಮ ಕೈಯಲ್ಲಿರುವ ಮೊಬೈಲಿನಿಂದ ತೆಗೆದ ಒಂದೇ ಒಂದು ಛಾಯಾಚಿತ್ರಕ್ಕೆ ಅದರ ನೂರಾರು ಪಾಲು ಜಾಗ ಬೇಕು. ಅಷ್ಟರಲ್ಲೇ, 1951ರ ನವೆಂಬರ್ ಕೊನೆಯಲ್ಲಿ, ಬೇಕರಿಗಳಲ್ಲಿ ತಯಾರಾದ ಪದಾರ್ಥಗಳ ಬೆಲೆ ಕಟ್ಟುವ ವಾರದ ಲೆಕ್ಕವನ್ನು ಲಿಯೋ ಪೂರ್ತಿಯಾಗಿ ವಹಿಸಿಕೊಂಡಿತು.

ಆದರೆ ನನ್ನ ಮನಸ್ಸಿಗೆ ಹಿಡಿಸಿದುದು ಪಾದರಸದ ಕೊಳವೆಯಲ್ಲ, 1954ರಲ್ಲಿ ಆರಂಭವಾದ ಅಂಗಡಿಗಳ ಬೇಡಿಕೆಯ ವ್ಯವಸ್ಥೆ. ಇದನ್ನು ರೂಪಿಸಿದವರು ಡೇವಿಡ್ ಕ್ಯಾಮಿನರ್. ಪ್ರತಿ ಅಂಗಡಿಗೂ ವಾರದ ಒಂದೊಂದು ದಿನಕ್ಕೆ ಇಂತಿಷ್ಟು ರೊಟ್ಟಿ, ಇಂತಿಷ್ಟು ಕೇಕು ಎಂಬ ಕಾಯಂ ಪಟ್ಟಿ ಇರುವುದು. ಅಂಗಡಿಯ ಮೇಲ್ವಿಚಾರಕಿ ದಿನವೂ ಪೂರ್ತಿ ಪಟ್ಟಿ ಬರೆಯಬೇಕಾಗಿಲ್ಲ. ನಾಳೆ ಏನಾದರೂ ಹೆಚ್ಚು ಕಡಿಮೆ ಬೇಕಿದ್ದರೆ ಅಷ್ಟನ್ನು ಮಾತ್ರ ಫೋನಿನಲ್ಲಿ ಹೇಳಿದರಾಯಿತು. ಆಕೆ ಹೇಳುತ್ತಿದ್ದಂತೆಯೇ ಕ್ಯಾಡ್ಬಿ ಹಾಲ್‌ನಲ್ಲಿ ಕುಳಿತವರು ಕಾರ್ಡುಗಳಲ್ಲಿ ತೂತು ಹೊಡೆಯುತ್ತಿದ್ದರು. ಯಂತ್ರ ಆ ಕಾರ್ಡುಗಳನ್ನು ಓದಿ ಯಾವ ಅಂಗಡಿಗೆ ಏನು ಹೋಗಬೇಕೆಂದು ಅಚ್ಚು ಹಾಕುತ್ತಿತ್ತು. ಬದಲಾವಣೆಯನ್ನಷ್ಟೇ ಹೇಳು ಎಂಬ ಈ ಸರಳವಾದ ಯೋಚನೆ ಯಂತ್ರ ತಜ್ಞನಿಗೆ ಹೊಳೆಯುವುದು ಕಷ್ಟ. ಸಂಜೆಯ ಹೊತ್ತು ಚಹಾ ಅಂಗಡಿಯಲ್ಲಿ ದಣಿದು ನಿಂತ ಹೆಂಗಸಿನ ಪಾಡು ಬಲ್ಲವನಿಗೆ ಮಾತ್ರ ಹೊಳೆದೀತು.

ಲಿಯೋ ಕೀರ್ತಿ ಹಬ್ಬಿತು. 1954ರಲ್ಲಿ ಬೇರೆ ಕಂಪನಿಯನ್ನೇ ಸ್ಥಾಪಿಸಿ ಇತರರಿಗೂ ಯಂತ್ರ ಮಾರತೊಡಗಿದರು. ಇಂಗ್ಲೆಂಡಿನ ಫೋರ್ಡ್ ಮೋಟಾರು ಕಾರ್ಖಾನೆಯವರು ತಮ್ಮ ಕೆಲಸಗಾರರ ಸಂಬಳದ ಲೆಕ್ಕವನ್ನು ಲಿಯೋದಿಂದ ಮಾಡಿಸಿದರು. ಆದರೆ ಕೇಕು ಬೇಯಿಸುವುದು ಒಂದು ಕಸುಬು, ಗಣಕಯಂತ್ರ ತಯಾರಿಸಿ ಮಾರುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದ ಬಂಡವಾಳ ಚಹಾ ಕಂಪನಿಯ ಕೈಮೀರಿತ್ತು. 1963ರಲ್ಲಿ ಅದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಜೊತೆ ಸೇರಿತು. 1968ರಲ್ಲಿ ಆ ವಂಶವೆಲ್ಲ ಐ.ಸಿ.ಎಲ್. ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು. ಐ.ಸಿ.ಎಲ್. ಎಂಬ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮತ್ತೆ ಬರಲಿದೆ.

ಪೇಟೆಗೆ ಬಂದ ಸಾಫ್ಟ್‌ವೇರ್

ಆ ಕಾಲದಲ್ಲಿ ಸಾಫ್ಟ್‌ವೇರಿಗೆ ಬಹುಮಟ್ಟಿಗೆ ಬೇರೆ ಬೆಲೆ ಇರಲಿಲ್ಲ. ಯಂತ್ರ ಕೊಂಡವರಿಗೆ ಅದರ ಜೊತೆಗೇ ಬರುತ್ತಿತ್ತು. ಸಾಲದಿದ್ದರೆ ತಾವೇ ಬರೆದುಕೊಳ್ಳಬೇಕು. 1969ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿ ಯಂತ್ರಕ್ಕೊಂದು ಬೆಲೆ, ಸಾಫ್ಟ್‌ವೇರಿಗೆ ಇನ್ನೊಂದು ಬೆಲೆ ಎಂದು ಸಾರಿದ ಮೇಲೆ ಸಿದ್ಧ ಸಾಫ್ಟ್‌ವೇರಿನ ವ್ಯಾಪಾರಕ್ಕೆ ಕಳೆ ಬಂತು.

ಇನ್ನು ನಮ್ಮೂರಿನ ಮಾತಿಗೆ ಬರೋಣ. 1980ರ ದಶಕದಲ್ಲಿ ಬೆಂಗಳೂರಿನ ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೂ ಜವಳಿ ಗಿರಣಿಗಳಿಗೂ ಕಚ್ಚಾ ಸಾಮಗ್ರಿ, ಯಂತ್ರಭಾಗಗಳನ್ನು ಒದಗಿಸುತ್ತಿದ್ದರು. ತಮ್ಮ ಲೆಕ್ಕಪತ್ರಕ್ಕೆ ಹೊಂದುವ ಸಾಫ್ಟ್‌ವೇರ್ ಹುಡುಕಿ ಹುಡುಕಿ ಸಾಕಾಗಿ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ, ನೀನೇ ಒಂದನ್ನು ಬರೆ ಎಂದರು. ಮಗ ಬರೆದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಕಂಪನಿ ಹುಟ್ಟಿತು. ಇಂದು ದೇಶದ ಮೂಲೆ ಮೂಲೆಯ ಮಂಡಿಗಳಲ್ಲೂ ಲೆಕ್ಕಪರಿಶೋಧಕರ ಕಚೇರಿಗಳಲ್ಲೂ ಬಳಕೆಯಲ್ಲಿರುವ ‘ಟ್ಯಾಲಿ’ಯ ಮೂಲ ಇದು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ತಂದೆಗೆ ಬರೆಸುವುದು ಅನಿವಾರ್ಯವಾಗಿತ್ತು. ಆದರೆ ಮಗ ಬರೆದಾದ ಮೇಲೆ ಪಕ್ಕದ ವರ್ತಕನೂ ಅದನ್ನೇ ಮೊದಲಿನಿಂದ ಬರೆಸಿದರೆ ಅದು ಹಣದ ಪೋಲು. ಜಮಾ ಖರ್ಚಿನ ನಿಯಮ ಚಿಕ್ಕಪೇಟೆಯಲ್ಲೂ ಒಂದೇ, ಹುಬ್ಬಳ್ಳಿಯಲ್ಲೂ ಒಂದೇ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಈ ಮಾತಿನ ಬೆಲೆ ಎಲ್ಲರಿಗೂ ತಿಳಿಯಿತು. ಸಿದ್ಧ ಸಾಫ್ಟ್‌ವೇರ್ ಮಾರುವವನು ಹೊಸ ತೆರಿಗೆಯ ಕ್ರಮವನ್ನು ಒಮ್ಮೆ ಅಳವಡಿಸಿದರೆ ಅವನ ಗಿರಾಕಿಗಳಿಗೆಲ್ಲ ಅದು ತಲುಪುತ್ತದೆ. ಸ್ವಂತಕ್ಕೆ ಬರೆಸಿಕೊಂಡವನಾದರೋ ಪ್ರತಿಯೊಂದು ತಿದ್ದುಪಡಿಗೂ ತನ್ನ ಗಂಟನ್ನೇ ಬಿಚ್ಚಬೇಕು. ಸಂಬಳ, ತೆರಿಗೆ, ಸಾಮಾನ್ಯ ಲೆಕ್ಕ ಇಂಥವನ್ನು ಇಂದು ಸ್ವಂತಕ್ಕೆ ಬರೆಸಲು ಹೊರಡುವವರು ಏಕೆ ಹೊರಟೆವೆಂದು ಎರಡು ಸಲ ಯೋಚಿಸುವುದು ಒಳ್ಳೆಯದು.

ಹಾಗಾದರೆ ಎಲ್ಲವನ್ನೂ ಕೊಂಡುಬಿಡೋಣವೆ? ಇಲ್ಲಿ ಜರ್ಮನಿಯ ಲಿಡ್ಲ್ ಕಂಪನಿಯ ಕಥೆ ಕೇಳಬೇಕು. ಯೂರೋಪಿನಲ್ಲೆಲ್ಲ ದಿನಸಿ ಅಂಗಡಿಗಳನ್ನು ನಡೆಸುವ ಭಾರೀ ಸಂಸ್ಥೆ ಇದು. 2011ರಲ್ಲಿ ತನ್ನ ಹಳೆಯ ಸಾಫ್ಟ್‌ವೇರನ್ನು ಬಿಟ್ಟು ಎಸ್.ಎ.ಪಿ. ಎಂಬ ಹೆಸರಾಂತ ಕಂಪನಿಯ ಸಿದ್ಧ ವ್ಯವಸ್ಥೆಯನ್ನು ತರಲು ಆರಂಭಿಸಿತು. ದಾಸ್ತಾನಿನ ಬೆಲೆಯನ್ನು ಕೊಂಡ ದರದಲ್ಲಿ ಹಿಡಿಯುವುದು ಲಿಡ್ಲ್ ರೂಢಿ. ಆ ಸಾಫ್ಟ್‌ವೇರಿನ ರೂಢಿ ಮಾರುವ ದರದಲ್ಲಿ ಹಿಡಿಯುವುದು. ಹೊರಗಿನವರಿಗೆ ಇದೊಂದು ಕ್ಷುಲ್ಲಕ ಭೇದ. ಆದರೆ ಲಿಡ್ಲ್ ತನ್ನ ರೂಢಿಯನ್ನು ಬಿಡಲಿಲ್ಲ. ಸಾಫ್ಟ್‌ವೇರನ್ನೇ ಒಡೆದು ತಿದ್ದಿಸತೊಡಗಿತು. ಏಳು ವರ್ಷ ಕಳೆದುವು. ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದುವು. 2018ರಲ್ಲಿ ಎಲ್ಲವನ್ನೂ ಕೈಬಿಟ್ಟು ಹಳೆಯ ವ್ಯವಸ್ಥೆಗೇ ಮರಳಿದರು. ಸಿದ್ಧ ಉಡುಪು ಕೊಂಡು ದರ್ಜಿಯ ಕೈಯಲ್ಲಿ ಪೂರ್ತಿ ಬಿಚ್ಚಿಸಿ ಹೊಲಿಸಿದಂತಾಯಿತು. ಎರಡು ಖರ್ಚೂ ತಪ್ಪಲಿಲ್ಲ, ಅಂಗಿಯೂ ದಕ್ಕಲಿಲ್ಲ.

ತಪ್ಪು ಯಾರದು ಎಂದರೆ, ಪೂರ್ತಿ ಯಾರದೂ ಅಲ್ಲ. ಆ ರೂಢಿಯಲ್ಲಿ ತಮ್ಮ ವ್ಯಾಪಾರದ ಜೀವವಿದೆಯೆಂದು ಲಿಡ್ಲ್ ಮಂದಿಗೆ ನಿಜವಾಗಿ ಅನಿಸಿದ್ದರೆ ಸಿದ್ಧ ಸರಕನ್ನು ಕೊಳ್ಳಲು ಹೋಗಬಾರದಿತ್ತು. ಅದು ಬರಿಯ ಅಭ್ಯಾಸಬಲವಾಗಿದ್ದರೆ ರೂಢಿಯನ್ನು ಬಿಡಬೇಕಿತ್ತು. ಯಾವುದು ಜೀವ, ಯಾವುದು ಅಭ್ಯಾಸ ಎಂಬುದನ್ನು ಮೊದಲೇ ಕುಳಿತು ತೀರ್ಮಾನಿಸಲು ಲಯನ್ಸಿನಲ್ಲಿದ್ದಂಥ ಜನ ಬೇಕು.

ಕೊಂಡವರ ಹೊಣೆ

ಈಗ ಐ.ಸಿ.ಎಲ್. ಎಂಬ ಆ ಹೆಸರಿಗೆ ಬರೋಣ. ಬ್ರಿಟನ್ನಿನ ಅಂಚೆ ಕಚೇರಿಗಳ ಕೌಂಟರುಗಳಿಗೆ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ 1999ರಿಂದ ಬಂದಿತು. ಒದಗಿಸಿದ್ದು ಐ.ಸಿ.ಎಲ್. ಅಷ್ಟು ಹೊತ್ತಿಗೆ ಅದು ಜಪಾನಿನ ಫುಜಿತ್ಸು ಕಂಪನಿಯ ವಶವಾಗಿತ್ತು. ಹಳ್ಳಿಯಲ್ಲಿ ದಿನಸಿ ಅಂಗಡಿಯ ಜೊತೆಗೆ ಅಂಚೆಯ ಕೆಲಸವನ್ನೂ ನೋಡಿಕೊಳ್ಳುವ ಸಬ್‌ಪೋಸ್ಟ್‌ಮಾಸ್ಟರುಗಳು ಸಂಜೆ ಲೆಕ್ಕ ನೋಡಿದರೆ ಯಂತ್ರ ಖೋತಾ ತೋರಿಸುತ್ತಿತ್ತು. ಹಣ ತೆಗೆದಿಲ್ಲವೆಂದು ಅವರು ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಕರಾರಿನಂತೆ ಕೊರತೆಯನ್ನು ಅವರೇ ತುಂಬಬೇಕು. ಮನೆ ಒತ್ತೆ ಇಟ್ಟು ತುಂಬಿದವರುಂಟು, ದಿವಾಳಿಯಾದವರುಂಟು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳ ಮೇಲೆ ಅಪರಾಧಿಗಳೆನಿಸಿದರು. ಅವರಲ್ಲಿ ಹೆಚ್ಚಿನವರ ಮೇಲೆ ಮೊಕದ್ದಮೆ ಹೂಡಿದ್ದು ಅಂಚೆ ಸಂಸ್ಥೆಯೇ. ಸೆರೆಮನೆ ಕಂಡವರೂ ಬಹಳ. ತಪ್ಪು ಸಾಫ್ಟ್‌ವೇರಿನದು ಎಂದು ಉಚ್ಚ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ಹೇಳಿತು; 2024ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನ ಮಾಡಿ ನೂರಾರು ಶಿಕ್ಷೆಗಳನ್ನು ಒಮ್ಮೆಗೇ ರದ್ದುಪಡಿಸಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಕೊಂಡದ್ದು ಇಲ್ಲಿ ಅಪರಾಧವಲ್ಲ. ಅಷ್ಟು ದೊಡ್ಡ ಜಾಲವನ್ನು ಅಂಚೆಯವರೇ ಕಟ್ಟಬೇಕಿತ್ತೆಂದು ಯಾರೂ ಹೇಳಲಾರರು. ಕೊಂಡ ಯಂತ್ರ ಹೇಳಿದುದನ್ನು ಪರೀಕ್ಷಿಸಿ ಇದು ಸರಿ, ಇದು ತಪ್ಪು ಎನ್ನುವ ಶಕ್ತಿಯನ್ನು ತಮ್ಮಲ್ಲಿ ಉಳಿಸಿಕೊಳ್ಳದೆ, ಯಂತ್ರದ ಮಾತನ್ನೇ ಸಾಕ್ಷಿಯೆಂದು ಹಿಡಿದದ್ದು ಅನಾಹುತಕ್ಕೆ ಎಡೆಮಾಡಿತು. ಚಹಾ ಅಂಗಡಿಯ ಮೇಲ್ವಿಚಾರಕಿಗಾಗಿ ರೂಪಿಸಿದ ಯಂತ್ರದ ವಂಶದಲ್ಲೇ ಹಳ್ಳಿಯ ಅಂಚೆಯಾಕೆಯನ್ನು ಸೆರೆಮನೆಗೆ ಕಳುಹಿಸಿದ ಯಂತ್ರವೂ ಹುಟ್ಟಿತೆಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಸಾಫ್ಟ್‌ವೇರ್ ಬರೆಸಿ ನೋಡು ಎಂಬುದನ್ನೂ ನಾವು ಸೇರಿಸಿಕೊಳ್ಳಬಹುದು. ಬರೆಸಲು ತಗಲುವ ಹಣ ಮೊದಲ ಕಂತು ಮಾತ್ರ. ಬರೆದ ಹುಡುಗ ಹೆಚ್ಚಿನ ಸಂಬಳಕ್ಕೆ ಬೇರೆ ಕಡೆ ಹೋದ ದಿನ ಎರಡನೆಯ ಕಂತು ಶುರುವಾಗುತ್ತದೆ. ಈಚೆಗೆ ಕೃತಕ ಬುದ್ಧಿಯ ನೆರವಿನಿಂದ ತಿಂಗಳ ಕೆಲಸ ದಿನಗಳಲ್ಲಿ ಮುಗಿಯುವುದುಂಟು. ಬರೆಯುವುದು ಅಗ್ಗವಾಗಿದೆ, ನಿಜ. ಬರೆದುದನ್ನು ಸಾಕುವುದು ಅಗ್ಗವಾಗಿಲ್ಲ.

ಕೊಳ್ಳುವವರಿಗೂ ಒಂದು ಮಾತುಂಟು. ಇಂದು ಬಹಳ ಮಂದಿ ಸಾಫ್ಟ್‌ವೇರನ್ನು ಮಾರುವುದೇ ಇಲ್ಲ, ತಿಂಗಳ ಬಾಡಿಗೆಗೆ ಕೊಡುತ್ತಾರೆ. ನಮ್ಮ ಗಿರಾಕಿಗಳ ಹೆಸರು, ಸಾಲ, ದಾಸ್ತಾನು ಎಲ್ಲ ಅವರ ಯಂತ್ರದಲ್ಲಿರುತ್ತದೆ. ನಾಳೆ ಬಾಡಿಗೆ ಏರಿದರೆ, ಇಲ್ಲವೆ ಆ ಕಂಪನಿಯೇ ಮುಚ್ಚಿದರೆ, ನಮ್ಮ ಲೆಕ್ಕವನ್ನು ಬೇರೊಬ್ಬರು ಓದಬಲ್ಲ ರೂಪದಲ್ಲಿ, ಎಷ್ಟು ದಿನದೊಳಗೆ, ಯಾವ ಖರ್ಚಿನಲ್ಲಿ ಹಿಂದಕ್ಕೆ ಕೊಡುವಿರಿ ಎಂದು ರುಜು ಹಾಕುವ ಮುಂಚೆಯೇ ಕೇಳಬೇಕು. ಸಾಧ್ಯವಾದರೆ ಒಂದು ವಾರದ ಲೆಕ್ಕವನ್ನು ಹಾಗೆ ಹಿಂದಕ್ಕೆ ಪಡೆದು, ಮನೆಯ ಗುಮಾಸ್ತರ ಕೈಯಲ್ಲಿ ಪುಸ್ತಕದೊಡನೆ ಸಾಲು ಸಾಲಾಗಿ ತಾಳೆ ನೋಡಿಸಬೇಕು. ತಾಳೆಯಾಗದ ಸಾಲು ಒಂದಿದ್ದರೂ, ಅದು ಏಕೆಂದು ಮಾರುವವನು ವಿವರಿಸುವತನಕ ರುಜು ಕಾಯಲಿ.